ಬೆನ್ನಿಗೊಂದು ಚೀಲ, ಜೊತೆಗೆ ಮೂವರು ಗೆಳೆಯರು: ಬಳ್ಳಾರಿ ಸೀಮೆಯಿಂದ ಅಂಡಮಾನಿಗೆ ಹೋಗಿಬರುವ ಬಗೆ

ಅಂಡಮಾನಿನಲ್ಲಿ ಏನೇನು ನೋಡಬೇಕು ಎಂಬ ಪಟ್ಟಿ ಯಾರನ್ನು ಕೇಳಿದರೂ ಸಿಗುತ್ತದೆ. ಆದರೆ ಮೊದಲ ಸಲ ಹೋದವರು ಪೇಚಿಗೆ ಸಿಲುಕುವುದು ನೋಡುವ ಜಾಗಗಳ ವಿಷಯದಲ್ಲಲ್ಲ, ಒಂದು ದ್ವೀಪದಿಂದ ಇನ್ನೊಂದಕ್ಕೆ ದಾಟುವ ವಿಷಯದಲ್ಲಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯ ನಮಗೆ ಒಂದು ಬಸ್ಸು ತಪ್ಪಿದರೆ ಇನ್ನೊಂದು ಬಸ್ಸು, ಅದೂ ಇಲ್ಲದಿದ್ದರೆ ಯಾವುದಾದರೊಂದು ಟಂಟಂ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಹುಟ್ಟಿನಿಂದಲೇ ಇರುತ್ತದೆ. ದ್ವೀಪದಲ್ಲಿ ಆ ಭರವಸೆಗೆ ಬೆಲೆಯಿಲ್ಲ. ಗಾಳಿ ಎದ್ದರೆ ಹಡಗು ಹೊರಡುವುದಿಲ್ಲ, ಹಡಗು ಹೊರಡದಿದ್ದರೆ ಕೈಯಲ್ಲಿ ಎಷ್ಟು ದುಡ್ಡಿದ್ದರೂ ನಡುಗಡ್ಡೆಯಿಂದ ಹೊರಬೀಳುವ ದಾರಿಯಿಲ್ಲ. ಆದ್ದರಿಂದ ಬೆನ್ನಚೀಲ ಹೊತ್ತು ಗೆಳೆಯರೊಡನೆ ಹೊರಡುವವರು ಮೊದಲು ಹಡಗಿನ ಲೆಕ್ಕ, ಆಮೇಲೆ ಚೀಲದ ಲೆಕ್ಕ, ಆಮೇಲೆ ಚಂದ್ರನ ಲೆಕ್ಕ ಹಾಕಬೇಕು. ನೋಡುವ ಜಾಗಗಳು ಇವುಗಳ ಹಿಂದೆ ತಾವಾಗಿಯೇ ಬರುತ್ತವೆ.

ಎಷ್ಟು ಜನ, ಯಾವ ತಿಂಗಳು

ನಾಲ್ಕು ಜನರ ತಂಡ ಎಲ್ಲಕ್ಕಿಂತ ಅನುಕೂಲ ಎಂಬುದು ನನ್ನ ಅಭಿಪ್ರಾಯ. ಬಾಡಿಗೆಯ ಸ್ಕೂಟರಿನಲ್ಲಿ ಇಬ್ಬರು, ಕೋಣೆಯೊಂದಕ್ಕೆ ಇಬ್ಬರು ಎಂದು ಎಲ್ಲವೂ ಸರಿಯಾಗಿ ಭಾಗವಾಗುತ್ತದೆ. ಐದನೆಯವನು ಸೇರಿದರೆ ಅವನೊಬ್ಬನಿಗಾಗಿ ಇನ್ನೊಂದು ಸ್ಕೂಟರು, ಇನ್ನೊಂದು ಕೋಣೆ ಬೇಕಾಗುತ್ತದೆ. ಎಂಟು ಜನರಾದರಂತೂ ಊಟಕ್ಕೆ ಎಲ್ಲಿ ಕೂರಬೇಕೆಂದು ತೀರ್ಮಾನಿಸುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಜೊತೆಗೆ ಬರುವವರಲ್ಲಿ ಯಾರಿಗೆ ಈಜು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದನ್ನು ಊರಿನಲ್ಲಿರುವಾಗಲೇ ನೇರವಾಗಿ ಕೇಳಿ ತಿಳಿದುಕೊಳ್ಳಬೇಕು. ಈಜು ಬಾರದವನಿಂದ ತೊಂದರೆಯಿಲ್ಲ, ಬಾರದಿದ್ದರೂ ಬರುತ್ತದೆ ಎನ್ನುವವನಿಂದಲೇ ತೊಂದರೆ.

ಕಾಲದ ವಿಷಯದಲ್ಲಿ ನಮ್ಮ ಸೀಮೆಯ ಅನುಭವ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬಿದ್ದರೆ ಒಳ್ಳೆಯ ವರ್ಷ ಎನ್ನುತ್ತೇವೆ, ಅಂಡಮಾನಿನಲ್ಲಿ ಬೀಳುವುದು ಸುಮಾರು 3000 ಮಿಲಿಮೀಟರ್. ನೈಋತ್ಯ ಮುಂಗಾರು ಕೇರಳವನ್ನು ಮುಟ್ಟುವ ಮೊದಲೇ, ಮೇ ತಿಂಗಳ ಉತ್ತರಾರ್ಧದಲ್ಲಿ, ಆ ದ್ವೀಪಗಳನ್ನು ತಲುಪುತ್ತದೆ. ಅದು ಹಿಂದೆ ಸರಿಯುವ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಹಿಂಗಾರಿನ ವಾಯುಭಾರ ಕುಸಿತಗಳು ಆರಂಭವಾಗುತ್ತವೆ. ಡಿಸೆಂಬರಿನ ಕೊನೆಯ ವಾರ ಹವೆ ಚೆನ್ನಾಗಿದ್ದರೂ ಜನಜಂಗುಳಿ ಮತ್ತು ಬೆಲೆ ಎರಡೂ ಏರಿರುತ್ತವೆ. ಸಂಕ್ರಾಂತಿ ಕಳೆದ ಮೇಲೆ, ಹೋಳಿ ಹುಣ್ಣಿಮೆಯ ಒಳಗೆ ಹೋಗಿಬರುವುದು ಲೇಸು.

ಊರಿನಿಂದ ದ್ವೀಪದವರೆಗೆ

ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಬೆಂಗಳೂರಿಗೆ ನೇರ ದಾರಿ. ರಾಯಚೂರಿನವರಿಗೆ ಬೆಂಗಳೂರಿನ ರೈಲಿನಂತೆ ಚೆನ್ನೈ ರೈಲೂ ಕೈಗೆಟುಕುವಂತಿದೆ, ಏಕೆಂದರೆ ಮುಂಬೈ–ಚೆನ್ನೈ ಮಾರ್ಗ ಅವರ ಊರನ್ನು ಹಾದೇ ಹೋಗುತ್ತದೆ. ಈ ಎರಡೂ ನಗರಗಳಿಂದ ವಿಮಾನದಲ್ಲಿ ಎರಡೂವರೆ ಗಂಟೆಯ ಆಸುಪಾಸಿನ ಪ್ರಯಾಣ. ರೈಲು ಇಳಿದ ದಿನವೇ ಬೆಳಗಿನ ವಿಮಾನ ಹಿಡಿಯುವ ಲೆಕ್ಕಾಚಾರ ಬೇಡ. ಗುಂತಕಲ್ಲಿನಲ್ಲಿ ಸಿಗ್ನಲ್ಲಿಗಾಗಿ ನಿಂತ ರೈಲು ನಿಮ್ಮ ವಿಮಾನದ ಹೊತ್ತನ್ನು ಕೇಳಿ ಹೊರಡುವುದಿಲ್ಲ. ಚೆನ್ನೈ, ಕೋಲ್ಕತ್ತಾ, ವಿಶಾಖಪಟ್ಟಣಗಳಿಂದ ಪ್ರಯಾಣಿಕರ ಹಡಗುಗಳೂ ಇವೆ, ಸುಮಾರು ಮೂರು ದಿನ ಹಿಡಿಯುತ್ತವೆ. ರಜೆ ಧಾರಾಳವಾಗಿದ್ದು, ಹೊಟ್ಟೆ ಗಟ್ಟಿಯಾಗಿದ್ದರೆ ಮಾತ್ರ ಅದರ ಬಗ್ಗೆ ಯೋಚಿಸಬಹುದು.

ಟಿಕೆಟ್ ಕಾಯ್ದಿರಿಸುವ ಮುನ್ನ ಹೆಸರುಗಳನ್ನು ಸರಿಯಾಗಿ ತಿಳಿದುಕೊಂಡಿರಬೇಕು. 2018ರ ಡಿಸೆಂಬರಿನಲ್ಲಿ ಹ್ಯಾವ್‌ಲಾಕ್ ದ್ವೀಪ ಸ್ವರಾಜ್ ದ್ವೀಪವಾಯಿತು, ನೀಲ್ ದ್ವೀಪ ಶಹೀದ್ ದ್ವೀಪವಾಯಿತು. 2024ರಲ್ಲಿ ರಾಜಧಾನಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟ್ಟಿನ ಮೇಲೆ ಹೊಸ ಹೆಸರಿದ್ದರೆ ಆಟೋದವರ ಬಾಯಲ್ಲಿ ಹಳೆಯದೇ ಇರುತ್ತದೆ. ಹೊಸಪೇಟೆ ಜಿಲ್ಲಾ ಕೇಂದ್ರವಾಗಿ ವಿಜಯನಗರ ಜಿಲ್ಲೆಯಾದುದನ್ನು ಕಂಡ ನಮಗೆ ಇದು ಹೊಸ ಸಂಗತಿಯೇನಲ್ಲ.

ಹಡಗು ಹೇಳಿದಂತೆ ದಿನಗಳು

ವಿಮಾನ ಇಳಿಯುವುದು ಶ್ರೀ ವಿಜಯಪುರಂನಲ್ಲಿ. ಅಲ್ಲಿಂದ ಸ್ವರಾಜ್ ದ್ವೀಪ ಸುಮಾರು 40 ಕಿಲೋಮೀಟರ್ ದೂರ. ಸರ್ಕಾರಿ ಹಡಗು ಎರಡೂವರೆ ಗಂಟೆಯ ಸುಮಾರಿಗೆ ತಲುಪಿಸುತ್ತದೆ, ಖಾಸಗಿ ಫೆರಿಗಳು ಒಂದೂವರೆ ಗಂಟೆಯಲ್ಲಿ. ಖಾಸಗಿಯದಕ್ಕೆ ತಲೆಗೆ ಸಾವಿರ ರೂಪಾಯಿಗೂ ಮೇಲೆ ಬೀಳುತ್ತದೆ, ಸರ್ಕಾರಿಯದಕ್ಕೆ ಅದಕ್ಕಿಂತ ಬಹಳ ಕಡಿಮೆ. ದುಡ್ಡಿನ ವ್ಯತ್ಯಾಸಕ್ಕಿಂತ ದೊಡ್ಡ ವ್ಯತ್ಯಾಸ ಬೇರೆಯೇ ಇದೆ. ಖಾಸಗಿ ಫೆರಿಯಲ್ಲಿ ಗಾಜಿನ ಕಿಟಕಿಯ ಹಿಂದೆ ತಣ್ಣನೆಯ ಗಾಳಿಯಲ್ಲಿ ಬಂಧಿಯಾಗಿ ಕೂರಬೇಕು. ಸರ್ಕಾರಿ ಹಡಗಿನಲ್ಲಿ ಮೇಲಿನ ಅಟ್ಟಕ್ಕೆ ಹೋಗಿ ನಿಲ್ಲಬಹುದು, ಹಾರುವ ಮೀನುಗಳನ್ನು ನೋಡಬಹುದು, ತರಕಾರಿ ಮೂಟೆಯೊಡನೆ ಮನೆಗೆ ಮರಳುತ್ತಿರುವ ದ್ವೀಪವಾಸಿಗಳೊಡನೆ ಮಾತಿಗಿಳಿಯಬಹುದು. ಒಮ್ಮೆಯಾದರೂ ಸರ್ಕಾರಿ ಹಡಗಿನಲ್ಲಿ ಹೋಗಬೇಕು. ಅದಕ್ಕೆ ಟಿಕೆಟ್ಟುಗಳು ಬೇಗ ಮುಗಿಯುವುದರಿಂದ, ಶ್ರೀ ವಿಜಯಪುರಂ ತಲುಪಿದ ದಿನವೇ ಫೀನಿಕ್ಸ್ ಬೇ ಹಡಗುಕಟ್ಟೆಯ ಕೌಂಟರಿನ ಸಾಲಿನಲ್ಲಿ ನಾಲ್ವರಲ್ಲಿ ಒಬ್ಬರು ನಿಲ್ಲುವಂತೆ ನೋಡಿಕೊಳ್ಳಬೇಕು.

ಹಡಗಿನ ದಿನ ಮತ್ತು ವಿಮಾನದ ದಿನ ಎಂದಿಗೂ ಒಂದೇ ಆಗಬಾರದು. ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಮೊದಲ ಪ್ರವಾಸದಲ್ಲಿ ಕೊನೆಯ ಕ್ಷಣದವರೆಗೂ ಸಮುದ್ರದ ದಂಡೆಯಲ್ಲೇ ಇರೋಣವೆಂದು ಬೆಳಗಿನ ಹಡಗು, ಮಧ್ಯಾಹ್ನದ ವಿಮಾನ ಎಂದು ಜೋಡಿಸಿಕೊಂಡಿದ್ದೆವು. ಹಿಂದಿನ ರಾತ್ರಿ ಗಾಳಿ ಜೋರಾಯಿತು, ಬೆಳಿಗ್ಗೆ ಕಟ್ಟೆಯಲ್ಲಿ ಹಡಗು ರದ್ದಾಗಿದೆ ಎಂಬ ಚೀಟಿ ಅಂಟಿತ್ತು. ನಾಲ್ಕು ವಿಮಾನದ ಟಿಕೆಟ್ಟುಗಳು ನೀರುಪಾಲಾದವು. ಆ ಮೇಲೆ ನಾವು ಕಂಡುಕೊಂಡ ಕ್ರಮ ಹೀಗಿದೆ: ಏಳು ರಾತ್ರಿಗಳಿದ್ದರೆ ಮೊದಲನೆಯದು ಶ್ರೀ ವಿಜಯಪುರಂನಲ್ಲಿ, ನಂತರದ ಮೂರು ಸ್ವರಾಜ್ ದ್ವೀಪದಲ್ಲಿ, ಅಲ್ಲಿಂದ ಸುಮಾರು ಒಂದು ಗಂಟೆಯ ದಾರಿಯ ಶಹೀದ್ ದ್ವೀಪದಲ್ಲಿ ಎರಡು, ಕೊನೆಯದು ಮತ್ತೆ ಶ್ರೀ ವಿಜಯಪುರಂನಲ್ಲಿ. ಸೆಲ್ಯುಲಾರ್ ಜೈಲನ್ನು ಮೊದಲ ದಿನವೇ ನೋಡಿ ಮುಗಿಸುವ ಆತುರ ಬೇಡ, ಅದನ್ನು ಕೊನೆಯ ದಿನಕ್ಕೆ ಕಾದಿರಿಸಬೇಕು. ಹಡಗು ಒಂದು ದಿನ ತಡವಾದರೆ ಕಡಿತವಾಗುವುದು ಆ ದಿನ ಮಾತ್ರ. ತಡವಾಗದಿದ್ದರೆ 1906ರಲ್ಲಿ ಕಟ್ಟಿ ಮುಗಿದ ಆ ಜೈಲಿನ ಏಳು ಸಾಲುಗಳಲ್ಲಿ ಉಳಿದಿರುವ ಮೂರನ್ನು ನಿಧಾನವಾಗಿ, ಸಮುದ್ರಸ್ನಾನದ ಗದ್ದಲವೆಲ್ಲ ಅಡಗಿದ ಮನಸ್ಸಿನಲ್ಲಿ ನೋಡಬಹುದು.

ದಿನದ ಹೊತ್ತನ್ನೂ ಬದಲಿಸಿಕೊಳ್ಳಬೇಕು. ಗಡಿಯಾರ ನಮ್ಮದೇ ಆದರೂ ಸೂರ್ಯ ನಮ್ಮವನಲ್ಲ. ಬಳ್ಳಾರಿ 77 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೆ ಆ ದ್ವೀಪಗಳು 93ರ ಹತ್ತಿರ ಇವೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿ ಎಲ್ಲವೂ ಒಂದು ಗಂಟೆ ಮುಂಚೆ ನಡೆಯುತ್ತದೆ. ಡಿಸೆಂಬರಿನಲ್ಲಿ ಬೆಳಗಿನ ಐದೂವರೆಗೆ ಹುಟ್ಟಿದ ಸೂರ್ಯ ಸಂಜೆ ಐದರ ಸುಮಾರಿಗೆ ಮುಳುಗಿಬಿಡುತ್ತಾನೆ. ಹತ್ತು ಗಂಟೆಗೆ ಎದ್ದು ತಿಂಡಿ ತಿಂದು ಹೊರಡುವ ಗೆಳೆಯರಿದ್ದರೆ ಅವರಿಗೆ ಉಳಿಯುವುದು ಅರ್ಧ ದಿನ. ನಾಲ್ಕೂವರೆಗೆ ಎದ್ದು, ಹನ್ನೊಂದರವರೆಗೆ ಸುತ್ತಾಡಿ, ಬಿಸಿಲಿನ ಹೊತ್ತು ಕೋಣೆಯಲ್ಲಿ ಮಲಗಿ, ಮೂರಕ್ಕೆ ಮತ್ತೆ ಹೊರಡುವುದೇ ಅಲ್ಲಿನ ಸರಿಯಾದ ದಿನಚರಿ.

ಚೀಲದೊಳಗೆ ಏನಿರಬೇಕು

ನಲವತ್ತು ಲೀಟರಿನ ಚೀಲ ಒಂದು ವಾರಕ್ಕೆ ಧಾರಾಳವಾಯಿತು. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ ಇರುವುದರಿಂದ ಅಷ್ಟರೊಳಗೆ ಮುಗಿಸಿದರೆ ಸಾಮಾನು ಒಪ್ಪಿಸುವ, ಕಾಯುವ ರಗಳೆಯೇ ಇರುವುದಿಲ್ಲ. ಚೀಲ ತುಂಬಿದ ಮೇಲೆ ಒಂದು ಪರೀಕ್ಷೆ ಮಾಡಬೇಕು. ಆನೆಗೊಂದಿ ಹತ್ತಿರದ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಅದನ್ನು ಹೊತ್ತುಕೊಂಡೇ ಏರಿ ಇಳಿಯಬೇಕು. ಮುನ್ನೂರನೆಯ ಮೆಟ್ಟಿಲಿನಲ್ಲಿ ಯಾವ ಸಾಮಾನಿನ ಮೇಲೆ ಸಿಟ್ಟು ಬರುತ್ತದೋ ಅದನ್ನು ಮನೆಯಲ್ಲೇ ಬಿಡಬೇಕು. ನಮ್ಮಲ್ಲೊಬ್ಬ ಹಾಗೆ ಬಿಟ್ಟದ್ದು ಎರಡು ಜೊತೆ ಶೂ ಮತ್ತು ಒಂದು ಬ್ಲೂಟೂತ್ ಸ್ಪೀಕರ್. ಎರಡನೆಯದಕ್ಕಾಗಿ ಉಳಿದ ಮೂವರೂ ಅಂಜನೇಯನಿಗೆ ಕೈಮುಗಿದೆವು.

ಬಟ್ಟೆಯ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು ಜೀನ್ಸ್. ಕೊಪ್ಪಳದ ಬಿಸಿಲಿನಲ್ಲಿ ಒಗೆದ ಬಟ್ಟೆ ಒಂದೆರಡು ಗಂಟೆಯಲ್ಲಿ ಗರಿಗರಿಯಾಗುತ್ತದೆ, ದ್ವೀಪದ ತೇವದ ಗಾಳಿಯಲ್ಲಿ ಜೀನ್ಸ್ ಎರಡು ದಿನವಾದರೂ ಒಣಗದೆ ವಾಸನೆ ಹಿಡಿಯುತ್ತದೆ. ಬೇಗ ಒಣಗುವ ತೆಳು ಚಡ್ಡಿಗಳು, ತುಂಬುತೋಳಿನ ಎರಡು ಅಂಗಿಗಳು, ಒಂದು ತೆಳ್ಳನೆಯ ಪಂಚೆ ಸಾಕು. ಪಂಚೆಯನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ: ಅದು ಮೈ ಒರೆಸುತ್ತದೆ, ಮರಳಿನ ಮೇಲೆ ಹಾಸಿಗೆಯಾಗುತ್ತದೆ, ಬಟ್ಟೆ ಬದಲಿಸುವಾಗ ಮರೆಯಾಗುತ್ತದೆ, ಹಡಗಿನಲ್ಲಿ ಚಳಿಯಾದರೆ ಹೊದಿಕೆಯಾಗುತ್ತದೆ, ಅರ್ಧ ಗಂಟೆಯಲ್ಲಿ ಒಣಗುತ್ತದೆ. ಕಾಲಿಗೆ ಹಿಮ್ಮಡಿ ಪಟ್ಟಿಯಿರುವ ಸ್ಯಾಂಡಲ್ಲುಗಳು ಬೇಕು, ಏಕೆಂದರೆ ಹವಾಯಿ ಚಪ್ಪಲಿ ಹವಳದ ಕಲ್ಲಿನ ಮೇಲೆ ಜಾರುತ್ತದೆ ಮತ್ತು ಹವಳ ಗೀರಿದ ಗಾಯ ಬೇಗ ಮಾಯುವುದಿಲ್ಲ.

ಬಳ್ಳಾರಿಯ ಬಿಸಿಲಿನಲ್ಲಿ ಬೆಳೆದವರಿಗೆ ಅಲ್ಲಿನ 30 ಡಿಗ್ರಿ ಯಾವ ಲೆಕ್ಕ ಎಂದು ಅನ್ನಿಸಬಹುದು. ನಮ್ಮದು ಒಣ ಬಿಸಿಲು, ಬೆವರು ಬಂದ ಕೂಡಲೇ ಆರಿ ಮೈ ತಣಿಸುತ್ತದೆ. ಅಲ್ಲಿ ಗಾಳಿಯೇ ನೀರಿನಿಂದ ತುಂಬಿರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಉಪ್ಪು ಮಾತ್ರ ಸೋರಿಹೋಗುತ್ತದೆ. ಓಆರ್‌ಎಸ್ ಪೊಟ್ಟಣಗಳನ್ನು, ಸೊಳ್ಳೆ ಮತ್ತು ಮರಳುನೊಣದ ಮುಲಾಮನ್ನು, ಹಡಗಿನಲ್ಲಿ ವಾಂತಿ ತಡೆಯುವ ಅವೊಮಿನ್‌ನಂಥ ಮಾತ್ರೆಯನ್ನು ವೈದ್ಯರನ್ನು ಕೇಳಿ ಇಟ್ಟುಕೊಳ್ಳಬೇಕು. ಹರಿಗೋಲಿನಲ್ಲಿ ಕುಳಿತು ತುಂಗಭದ್ರೆ ದಾಟಿದವರಿಗೆ ಅದರ ಅಗತ್ಯವಿಲ್ಲ ಎಂದುಕೊಳ್ಳಬಾರದು. ಹರಿಗೋಲು ತಿರುಗುತ್ತದೆ, ಸಮುದ್ರ ಎತ್ತಿ ಇಳಿಸುತ್ತದೆ. ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಬೇಕು, ಹೊಟ್ಟೆ ತೊಳಸತೊಡಗಿದ ಮೇಲೆ ಅದರಿಂದ ಪ್ರಯೋಜನವಿಲ್ಲ. ಹಡಗಿನ ನಡುಭಾಗದಲ್ಲಿ ಕುಳಿತು ದೂರದ ದಿಗಂತವನ್ನು ನೋಡುತ್ತಿದ್ದರೆ ತೊಳಸುವಿಕೆ ಕಡಿಮೆಯಾಗುತ್ತದೆ, ಮೊಬೈಲ್ ನೋಡುತ್ತ ಕುಳಿತರೆ ಹೆಚ್ಚಾಗುತ್ತದೆ.

ಬುತ್ತಿಯಿಲ್ಲದೆ ನಮ್ಮ ಕಡೆಯವರು ಊರು ಬಿಡುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಒಯ್ಯುವುದಾದರೆ ರೊಟ್ಟಿಯನ್ನು ಗಾಳಿಯಾಡದ ಡಬ್ಬಿಯಲ್ಲಿಯೇ ಇಡಬೇಕು. ನಮ್ಮಲ್ಲಿ ತಿಂಗಳುಗಟ್ಟಲೆ ಖಡಕ್ ಆಗಿಯೇ ಇರುವ ರೊಟ್ಟಿ ಅಲ್ಲಿ ಬುಟ್ಟಿಯಲ್ಲಿ ತೆರೆದಿಟ್ಟರೆ ಮರುದಿನವೇ ತೊಗಲಿನಂತಾಗುತ್ತದೆ. ಒಣಕೊಬ್ಬರಿ ಬಟ್ಟಲನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ಎಣ್ಣೆಯ ಅಂಶ ಹೆಚ್ಚಿರುವುದರಿಂದ ಅದನ್ನು ತಾನಾಗಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಸಾಲಿಗೆ ಸೇರಿಸಿದ್ದಾರೆ. ಪವರ್ ಬ್ಯಾಂಕ್ ಕೈಚೀಲದಲ್ಲಿಯೇ ಇರಬೇಕು.

ಹುಣ್ಣಿಮೆ, ಅಮಾವಾಸ್ಯೆ ಮತ್ತು ನೀರು

ಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನ ತಿಥಿಗಳು ಈ ಪ್ರವಾಸದಲ್ಲಿ ಹವಾಮಾನದ ಆ್ಯಪಿನಷ್ಟೇ ಉಪಯೋಗಕ್ಕೆ ಬರುತ್ತವೆ. ಸಮುದ್ರ ದಿನಕ್ಕೆ ಎರಡು ಸಲ ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಹೊತ್ತು ಹಿಡಿಯುವುದರಿಂದ ಪ್ರತಿದಿನ ಆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಸೂರ್ಯ, ಚಂದ್ರ ಇಬ್ಬರ ಸೆಳೆತವೂ ಒಂದೇ ಗೆರೆಯಲ್ಲಿ ಬೀಳುವ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ತೀರ ಮೇಲಕ್ಕೆ ಏರುತ್ತದೆ, ತೀರ ಕೆಳಕ್ಕೆ ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಈ ಅಂತರ ಕಡಿಮೆ. ಶಹೀದ್ ದ್ವೀಪದ ಲಕ್ಷ್ಮಣಪುರ ದಂಡೆಯಲ್ಲಿರುವ ಸಹಜ ಕಲ್ಲಿನ ಕಮಾನನ್ನು ಹತ್ತಿರದಿಂದ ನೋಡಬೇಕಾದರೆ, ಅದರ ಬುಡದ ಕಲ್ಲುಗುಂಡಿಗಳಲ್ಲಿ ಸಿಕ್ಕಿಬಿದ್ದ ಏಡಿ, ಸಮುದ್ರಸೌತೆ, ಬಣ್ಣದ ಮೀನುಗಳನ್ನು ಕಾಣಬೇಕಾದರೆ ಇಳಿತದ ಹೊತ್ತಿನಲ್ಲಿಯೇ ಹೋಗಬೇಕು, ಹುಣ್ಣಿಮೆ ಅಥವಾ ಅಮಾವಾಸ್ಯೆಯ ಮರುದಿನವಾದರೆ ಇನ್ನೂ ಉತ್ತಮ. ಉಬ್ಬರದಲ್ಲಿ ಹೋದವರು ದೂರದಿಂದ ಒಂದು ಫೋಟೊ ತೆಗೆದು ಮರಳುತ್ತಾರೆ. ಈಜಿಗೆ ಇದರ ತದ್ವಿರುದ್ಧ: ಇಳಿತದಲ್ಲಿ ಹವಳದ ಕಲ್ಲುಗಳು ಮೇಲೆದ್ದು ಕಾಲು ಇಡಲೂ ಜಾಗವಿರುವುದಿಲ್ಲ, ಉಬ್ಬರದ ಆಸುಪಾಸಿನಲ್ಲಿ ನೀರು ಸೊಂಟದ ಮಟ್ಟಕ್ಕೆ ಬರುತ್ತದೆ.

ಈಜುವವರಿಗೆ ಇನ್ನೊಂದು ಮಾತು. ನಮ್ಮಲ್ಲಿ ಹೆಚ್ಚಿನವರು ಈಜು ಕಲಿತದ್ದು ತುಂಗಭದ್ರಾ ಕಾಲುವೆಯಲ್ಲಿ ಅಥವಾ ಬಾವಿಯಲ್ಲಿ, ಟೈರಿನ ಟ್ಯೂಬು ಕಟ್ಟಿಕೊಂಡು. ಕಾಲುವೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ, ದಡ ಎಂದರೆ ಹತ್ತು ಕೈ ದೂರ. ಸಮುದ್ರದಲ್ಲಿ ದಂಡೆಗೆ ಬಂದ ನೀರು ಕೆಲವು ಕಡೆ ಕಿರಿದಾದ ಹಾದಿ ಮಾಡಿಕೊಂಡು ಒಳಗೆ ಮರಳುತ್ತದೆ. ಆ ಹಾದಿಯಲ್ಲಿ ಅಲೆ ಒಡೆಯುವುದಿಲ್ಲವಾದ್ದರಿಂದ ಗೊತ್ತಿಲ್ಲದವರಿಗೆ ಅದೇ ಅತ್ಯಂತ ಶಾಂತವಾದ ಜಾಗವಾಗಿ ಕಾಣುತ್ತದೆ. ಅದರಲ್ಲಿ ಸಿಲುಕಿದವರು ಕಾಲುವೆಯ ಅಭ್ಯಾಸದಂತೆ ನೇರವಾಗಿ ದಡದತ್ತ ಕೈ ಬಡಿದರೆ ದಣಿದು ಮುಳುಗುತ್ತಾರೆ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ಅಲೆಗಳ ಜೊತೆ ದಡ ಸೇರಬೇಕು. ಸ್ವರಾಜ್ ದ್ವೀಪದ ರಾಧಾನಗರ ದಂಡೆಯಲ್ಲಿ ಜೀವರಕ್ಷಕರು ಬಾವುಟ ನೆಟ್ಟ ಮಿತಿಯೊಳಗೇ ಇಳಿಯಬೇಕು, ಮೊಸಳೆಯ ಫಲಕವಿದ್ದ ಕಡೆ ಇಳಿಯಲೇಬಾರದು. ಅಲ್ಲಿನ ಉಪ್ಪುನೀರಿನ ಮೊಸಳೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ತೊರೆಗಳಲ್ಲಿ ವಾಸಿಸುತ್ತದೆ; 2010ರಲ್ಲಿ ರಾಧಾನಗರದ ಪಕ್ಕದಲ್ಲಿಯೇ ಒಬ್ಬ ಪ್ರವಾಸಿ ಅದಕ್ಕೆ ಬಲಿಯಾದದ್ದುಂಟು.

ಈಜು ಬಾರದ ಗೆಳೆಯನೂ ಶಿಕ್ಷಕರ ಕೈ ಹಿಡಿದು ಸ್ಕೂಬಾ ಡೈವಿಂಗ್ ಮಾಡಬಹುದು. ನೆಗಡಿಯಾಗಿದ್ದರೆ ಮುಂದೂಡಬೇಕು, ಕಿವಿಯೊಳಗಿನ ಒತ್ತಡ ಸರಿದೂಗದೆ ವಿಪರೀತ ನೋಯುತ್ತದೆ. ಆಸ್ತಮಾ, ಹೃದಯದ ತೊಂದರೆ ಇದ್ದವರು ಅರ್ಜಿಯಲ್ಲಿ ಮರೆಮಾಚಬಾರದು. ಡೈವಿಂಗ್ ಮುಗಿದ ಮೇಲೆ ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆಗಳ ಅಂತರವಿರಬೇಕು, ಏಕೆಂದರೆ ನೀರಿನಾಳದಲ್ಲಿ ರಕ್ತದೊಳಗೆ ಕರಗಿದ ಸಾರಜನಕ ವಿಮಾನದ ಕಡಿಮೆ ಒತ್ತಡದಲ್ಲಿ ಗುಳ್ಳೆಗಟ್ಟಬಹುದು. ಮೇಲೆ ಹೇಳಿದ ಕ್ರಮದಲ್ಲಿ ಹೋದರೆ ಈ ಅಂತರ ತಾನಾಗಿಯೇ ಸಿಗುತ್ತದೆ.

ಊಟ, ಸ್ಕೂಟರು, ದುಡ್ಡು

ಸ್ವರಾಜ್ ದ್ವೀಪದಲ್ಲಿ ನೆಲೆಸಿರುವವರಲ್ಲಿ ಹೆಚ್ಚಿನವರು ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಮನೆತನದವರು. ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ ಎಂಬ ಹಳ್ಳಿಯ ಹೆಸರುಗಳೇ ಅದನ್ನು ಹೇಳುತ್ತವೆ. ವಿಜಯನಗರ ಎಂಬ ಹಳ್ಳಿಯೂ, ಆ ಹೆಸರಿನ ದಂಡೆಯೂ ಇದೆ, ಹಂಪಿಯ ಮಗ್ಗುಲಿನವರು ಅಲ್ಲಿ ಫೋಟೊ ತೆಗೆಸಿಕೊಳ್ಳದೆ ಬರುವುದಿಲ್ಲ. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳ (ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳ) ಬಂಗಾಳಿ ಗೆಳೆಯರೊಬ್ಬರು ನಿಮ್ಮ ಜೊತೆಗಿದ್ದರೆ ಊಟದ ಚಿಂತೆ ಅಲ್ಲಿಗೇ ಮುಗಿಯಿತು. ನಮ್ಮ ಜೊತೆ ಬಂದಿದ್ದವನು ಎರಡನೆಯ ದಿನವೇ ಒಂದು ಮನೆಯ ಅಡುಗೆಕಟ್ಟೆಯವರೆಗೆ ಹೋಗಿದ್ದ. ಉಳಿದವರು ಮಾರುಕಟ್ಟೆಯ ಸಣ್ಣ ಹೋಟೆಲುಗಳಲ್ಲಿ ಅನ್ನ, ಬೇಳೆ, ಪಲ್ಯ, ಮೀನಿನ ಥಾಲಿ ಉಣ್ಣಬೇಕು. ದಂಡೆಯ ರೆಸಾರ್ಟುಗಳಲ್ಲಿ ಅದೇ ಮೀನಿಗೆ ಮೂರು ಪಟ್ಟು ಕೊಡಬೇಕಾಗುತ್ತದೆ.

ಕಟ್ಟೆಯಿಂದ ರಾಧಾನಗರ ದಂಡೆ ಸುಮಾರು 12 ಕಿಲೋಮೀಟರ್, ಅದಕ್ಕೆ ಸ್ಕೂಟರು ಬೇಕು. ದಿನಕ್ಕೆ 500 ರೂಪಾಯಿಯ ಆಸುಪಾಸು ಬಾಡಿಗೆ, ಮೂಲ ಪರವಾನಗಿ ಮತ್ತು ಹೆಲ್ಮೆಟ್ ಕಡ್ಡಾಯ. ಪಡೆಯುವಾಗಲೇ ಗೀರುಗಳ ವಿಡಿಯೊ ಮಾಡಿಟ್ಟುಕೊಳ್ಳಬೇಕು. ಶಹೀದ್ ದ್ವೀಪ ಸಣ್ಣದು, ಅಲ್ಲಿ ಸೈಕಲ್ಲೇ ಸಾಕು. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಇಂಟರ್‌ನೆಟ್ ಸುಧಾರಿಸಿದ್ದರೂ ಹಳ್ಳಿಗಳಲ್ಲಿ ಯುಪಿಐ ಕೈಕೊಡುವುದುಂಟು. ಎಟಿಎಮ್‌ಗಳು ಬೆರಳೆಣಿಕೆಯಷ್ಟು. ಜಾತ್ರೆಗೆ ಪಟ್ಟಿ ಹಾಕುವಂತೆ ಮೊದಲ ದಿನವೇ ತಲೆಗಿಷ್ಟು ನಗದು ಸೇರಿಸಿ, ಲೆಕ್ಕ ಬರೆಯುವ ಅಭ್ಯಾಸವಿರುವ ಒಬ್ಬನ ಕೈಗೆ ಕೊಡಬೇಕು.

ಮಾಡಬಾರದ್ದು

ಅನುಮತಿಯಿಲ್ಲದೆ ದಂಡೆಯಲ್ಲಿ ಡೇರೆ ಹೊಡೆಯಬಾರದು, ಬೆಂಕಿ ಹಾಕಬಾರದು. ಬಾರಾಟಾಂಗ್ ದ್ವೀಪದ ಗುಹೆಗಳಿಗೆ ಹೋಗುವ ಹೆದ್ದಾರಿ ಜಾರವಾ ಬುಡಕಟ್ಟಿನ ಜನರ ಮೀಸಲು ಕಾಡನ್ನು ಹಾಯುತ್ತದೆ. ವಾಹನಗಳು ಸಾಲುಗಟ್ಟಿ ಬೆಂಗಾವಲಿನಲ್ಲಿ ಹೋಗಬೇಕು, ನಿಲ್ಲಿಸುವುದು, ಫೋಟೊ ತೆಗೆಯುವುದು, ತಿನಿಸು ಎಸೆಯುವುದು ಎಲ್ಲವೂ 1956ರ ಬುಡಕಟ್ಟು ರಕ್ಷಣಾ ನಿಯಮಾವಳಿಯಂತೆ ಅಪರಾಧ. ಅವರ ಅಂಗಳವನ್ನು ಹಾದು ಗುಹೆ ನೋಡಲು ಹೋಗುವುದೇ ನನಗೆ ಸರಿಕಾಣದ್ದರಿಂದ ನಾನು ಆ ದಾರಿಯನ್ನು ಯಾರಿಗೂ ಹೇಳುವುದಿಲ್ಲ.

ಹವಳದ ಚೂರನ್ನು, ಅದು ಸತ್ತು ಬಿಳಚಿಕೊಂಡು ದಂಡೆಗೆ ಬಿದ್ದದ್ದಾದರೂ, ಎತ್ತಿಕೊಂಡು ಬರಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹವಳಕ್ಕೆ ಹುಲಿಗಿರುವಷ್ಟೇ ರಕ್ಷಣೆಯಿದೆ, ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಕೊನೆಯ ರಾತ್ರಿ ನಾಲ್ವರ ಚೀಲಗಳನ್ನೂ ಹಾಸಿಗೆಯ ಮೇಲೆ ಬೋರಲು ಸುರಿದು ನೋಡಬೇಕು, ಯಾರ ಚಡ್ಡಿಯ ಜೇಬಿನಲ್ಲಾದರೂ ಒಂದು ಚೂರು ಸಿಕ್ಕೇ ಸಿಗುತ್ತದೆ. ಮರಳುವಾಗ ಖರ್ಚಿನ ಲೆಕ್ಕವನ್ನು ರೈಲು ಗುಂತಕಲ್ ದಾಟುವುದರೊಳಗೆ ಚುಕ್ತಾ ಮಾಡಿಕೊಳ್ಳುವುದು ಒಳ್ಳೆಯದು. ಮನೆ ಮುಟ್ಟಿದ ದಿನವೇ ಚೀಲವನ್ನು ಸಿಹಿನೀರಿನಲ್ಲಿ ನೆನೆಸಿ, ಜಿಪ್ಪುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ಒಣಹಾಕಬೇಕು, ಇಲ್ಲದಿದ್ದರೆ ಉಪ್ಪು ಹಿಡಿದ ಜಿಪ್ಪು ಮುಂದಿನ ಪ್ರವಾಸದ ಹೊತ್ತಿಗೆ ತೆರೆಯುವುದಿಲ್ಲ.